ಕೆಂಪು ಟಿಕಳಿಯ ಪಕ್ಕದ ದೀಪ

ನಮ್ಮ ಕಾರಿನ ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಕೆಳಗೆ, ಎಡಕ್ಕೆ ಒಂದು ದುಂಡನೆಯ ಕೆಂಪು ಗುರುತಿತ್ತು. ಕಾರು ಕಲಿತ ಹೊಸದರಲ್ಲಿ ನಾನು ಅದನ್ನು ದೀಪವೆಂದೇ ತಿಳಿದಿದ್ದೆ. ಕೀಲಿ ತಿರುವಿದರೂ ಕೆಂಪು, ತಿರುವದಿದ್ದರೂ ಕೆಂಪು. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ದೀಪಗಳ ಚಿತ್ರವಿರುವ ಪುಟ ತೆಗೆದು ಒಂದೊಂದನ್ನೇ ಹೊಂದಿಸಿ ನೋಡಿದೆ. ಎಣ್ಣೆ ಹಾಕುವ ಕುಪ್ಪಿಯ ಚಿತ್ರವಿತ್ತು, ಬ್ಯಾಟರಿಯ ಪೆಟ್ಟಿಗೆ ಇತ್ತು, ನೀರಿನಲ್ಲಿ ಇಳಿಬಿಟ್ಟ ಥರ್ಮಾಮೀಟರ್ ಇತ್ತು. ಚಿತ್ರವೇ ಇಲ್ಲದ ಬರೀ ದುಂಡು ಕೆಂಪು ಎಲ್ಲಿಯೂ ಇರಲಿಲ್ಲ. ಒಂದು ದಿನ ಧೂಳು ಒರೆಸುವಾಗ ಬಟ್ಟೆ ತಾಗಿ ಅದರ ಅಂಚು ಎದ್ದಿತು. ಅದು ಅವ್ವನ ಟಿಕಳಿ, ಹಣೆಗೆ ಅಂಟಿಸಿಕೊಳ್ಳುವಂಥದು.

"ನನ್ನ ಪಾಕೀಟಿನ್ಯಾಗ ಒಂದ ಟಿಕಳಿ ಕಡಿಮಿ ಐತಿ ಅಂತ ಆವಾಗ್ಲೇ ಬಡಕೊಂಡಿದ್ನಿ," ಎಂದಳು ಅವ್ವ. "ನೀ ತಗೊಂಡಿ ಅಂತ ನಿನ್ನ ಬೈದ್ನಿ. ನಿಮ್ಮಪ್ಪ ಗಾಡೀಗೆ ಹಚ್ಚ್ಯಾನಂತ ಯಾರಿಗೊತ್ತಿತ್ತ?"

ಅಪ್ಪ ನಾಚಿಕೊಳ್ಳಲಿಲ್ಲ. ಟಿಕಳಿಯ ಕೆಳಗೆ ನಿಜವಾಗಿಯೂ ಒಂದು ದೀಪವಿತ್ತು, ಎಂಜಿನ್ ಆಕಾರದ ಹಳದಿ ದೀಪ. ಕಾರನ್ನು ಬೇರೊಬ್ಬರಿಂದ ಕೊಂಡ ದಿನದಿಂದಲೂ ಅದು ಉರಿಯುತ್ತಿತ್ತು. ನಮ್ಮೂರು ಇಚಲಕರಂಜಿಯ ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಅಂದರು, ಇನ್ನೊಂದರಲ್ಲಿ ಪೆಟ್ರೋಲ್ ಸರಿಯಿಲ್ಲ ಅಂದರು. ಗಾಡಿ ಮಾತ್ರ ಓಡುತ್ತಿತ್ತು. "ಓಡೋ ಗಾಡಿಗೆ ಹಳದಿ ದೀಪ ಯಾಕ ಬೇಕು?" ಎಂಬುದು ಅಪ್ಪನ ಪ್ರಶ್ನೆ.

ಅವನು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಅಪ್ಪ ಇಚಲಕರಂಜಿಯ ಲೂಮಿನ ಶೆಡ್ಡುಗಳಲ್ಲಿ ಜಾಬರ್ ಆಗಿ ದುಡಿದವನು. ಮಗ್ಗ ಕೆಟ್ಟರೆ ರಿಪೇರಿ ಮಾಡುವುದು, ಪಟ್ಟಾ, ಅಂದರೆ ಬೆಲ್ಟು, ಬಿಗಿಯುವುದು, ನಿಂತ ಮಗ್ಗವನ್ನು ಮತ್ತೆ ಓಡಿಸುವುದು ಜಾಬರನ ಕೆಲಸ. ಅಡ್ಡ ನೂಲು ಕಡಿದರೆ ಮಗ್ಗ ತಾನೇ ನಿಲ್ಲಲೆಂದು ಅದರಲ್ಲಿ ಒಂದು ಸಣ್ಣ ಕಬ್ಬಿಣದ ಮುಳ್ಳು ಇರುತ್ತದೆ. ಹಳೆಯ ಮಗ್ಗಗಳಲ್ಲಿ ಆ ಮುಳ್ಳು ನೂಲು ಕಡಿಯದಿದ್ದರೂ ಸುಮ್ಮಸುಮ್ಮನೆ ಮಗ್ಗ ನಿಲ್ಲಿಸುತ್ತದೆ. ಮೀಟರಿನ ಮೇಲೆ ಕೂಲಿ ಪಡೆಯುವ ನೇಕಾರ ಅದನ್ನು ಸಹಿಸುವುದಿಲ್ಲ. ಒಂದು ತುಂಡು ನೂಲಿನಿಂದ ಮುಳ್ಳನ್ನು ಹಿಂದಕ್ಕೆ ಕಟ್ಟಿ, ತನ್ನ ಕಣ್ಣು ಕಿವಿಯ ಭರವಸೆಯ ಮೇಲೆ ಮಗ್ಗ ಓಡಿಸುತ್ತಾನೆ. ಮಾಲಕ ಬಂದಾಗ ಬಿಚ್ಚುವುದು, ಹೋದ ಮೇಲೆ ಕಟ್ಟುವುದು. ಅಪ್ಪನ ಪಾಲಿಗೆ ಆ ಹಳದಿ ದೀಪವೂ ಅಂಥದೇ ಒಂದು ಮುಳ್ಳು. ಅವನು ಅದನ್ನು ಟಿಕಳಿಯಿಂದ ಕಟ್ಟಿದ್ದ.

ನಾನು ಕಾರು ಕಲಿತದ್ದು ಆಸೆಗಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ಒಂದು ದಿನ ಮನೆಗೆ ಬಂದು, ಮೊಣಕಾಲು ನೋಯುತ್ತದೆ, ಕ್ಲಚ್ ಒತ್ತಲು ಆಗುವುದಿಲ್ಲ, ಇನ್ನು ನೀನು ಕಲಿ ಅಂದ. ಆಮೇಲೆ ಗೊತ್ತಾಯಿತು, ನೋವು ಮೊಣಕಾಲಿನದಲ್ಲ. ಕಬನೂರ ಹತ್ತಿರ ಶಿಫ್ಟು ಬಿಡುವ ಹೊತ್ತಿನಲ್ಲಿ ಒಬ್ಬ ಸೈಕಲ್ ಸವಾರ ಅವನಿಗೆ ಕಂಡೇ ಇರಲಿಲ್ಲ. ಸೈಕಲ್ಲಿನವನೇ ಪಕ್ಕಕ್ಕೆ ಹಾರಿಕೊಂಡು, ಬೈದು, ಹೋಗಿದ್ದ. ಕೊಲ್ಹಾಪುರದ ಕಣ್ಣಿನ ಡಾಕ್ಟರು ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಾರೆ. ಅವರು ಅಪ್ಪನ ಕಣ್ಣು ನೋಡಿ, ಎಡಗಣ್ಣಿನ ಪರದೆಯ ನಡುಭಾಗದಲ್ಲಿ ನೀರು ತುಂಬಿದೆ ಅಂದರು. ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಬೇಕು. ಬಲಗಣ್ಣು ಮೊದಲೇ ಮಂದ. ಅದರಲ್ಲಿ ಬೆಳಕು, ನೆರಳು, ಮನುಷ್ಯರ ಆಕಾರ ಕಾಣುತ್ತದೆ, ಅಷ್ಟೆ. ಹಾಗಾಗಿ ಇರುವುದು ಎಡಗಣ್ಣೊಂದೇ. "ತಾರೀಖು ತಪ್ಪಿಸಬೇಡಿ," ಎಂದು ಅವರು ಮರಾಠಿಯಲ್ಲಿ ನನಗೇ ಹೇಳಿದರು, ಅಪ್ಪನಿಗಲ್ಲ. "ಪ್ರತಿ ಸಲ ತಪ್ಪಿದಾಗಲೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಹೋದದ್ದು ತಿರುಗಿ ಬರುತ್ತದೆ ಎಂದು ನಾನು ಹೇಳಲಾರೆ."

ನಾನು ನೂಲಿನ ವ್ಯಾಪಾರಿಯೊಬ್ಬರ ಪೇಢಿಯಲ್ಲಿ, ಅಂದರೆ ಅಂಗಡಿಯಲ್ಲಿ, ಕೂತು ಒಳಗೆ ಬಂದ ಗಂಟು, ಹೊರಗೆ ಹೋದ ಗಂಟು ಬರೆಯುವವಳು. ಬರೆಯುವ ಚಟ ಮನೆಯಲ್ಲೂ ಬಿಡಲಿಲ್ಲ. ಡೈರಿಯಲ್ಲಿ ಇಂಜೆಕ್ಷನ್ನಿನ ತಾರೀಖುಗಳ ಕೆಳಗೆ ಕಾರಿನ ದೀಪಗಳದೂ ಒಂದು ಸಾಲು ಶುರು ಮಾಡಿದೆ. ಯಾವ ವಾರ, ಯಾವ ಊರಿನ ಹತ್ತಿರ, ಯಾವ ಬಣ್ಣ. ಮೊದಲ ತಿಂಗಳ ಲೆಕ್ಕ: ಕೆಂಪು ಇಲ್ಲ, ಹಳದಿ ಒಂದು, ನೀಲಿ ಒಂದು.

ನೀಲಿಯದೇ ದೊಡ್ಡ ಕತೆ. ಅಪ್ಪನನ್ನು ನಾನೇ ಕಾರು ಓಡಿಸಿ ಕೊಲ್ಹಾಪುರಕ್ಕೆ ಕರೆದೊಯ್ದ ಮೊದಲ ಸಲ, ಹಾತಕಣಂಗಲೆ ದಾಟುವಾಗ ಮುಳ್ಳಿನ ಪಕ್ಕದಲ್ಲಿ ಒಂದು ನೀಲಿ ದೀಪ ಕಂಡಿತು. ಕೆಂಪು, ಹಳದಿ ಕೇಳಿದ್ದೆ, ನೀಲಿ ಕೇಳಿರಲಿಲ್ಲ. ಗಾಡಿ ಬದಿಗೆ ಹಚ್ಚಿ, ಎಂಜಿನ್ ಆರಿಸಿ, ರಸ್ತೆಯಲ್ಲಿದ್ದವರನ್ನು ಕೇಳಿ ಒಬ್ಬ ಮಿಸ್ತ್ರಿಯನ್ನು ಕರೆಸಿದೆ. ಅವನು ಬರುವಷ್ಟರಲ್ಲಿ ಬಿಸಿಲು ಏರಿತ್ತು. ಬಂದವನು ಒಳಗೆ ಬಗ್ಗಿ, ಕೀಲಿ ತಿರುವಿ, ಸ್ಟೇರಿಂಗಿನ ಪಕ್ಕದ ಕಡ್ಡಿಯನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದ. ನೀಲಿ ದೀಪ ಆರಿತು.

"ತಾಯಿ, ನಿಮ್ಮ ಮುಂದಿನ ದೀಪ ಮ್ಯಾಲ ನೋಡಾಕತ್ತಿದ್ವು, ಅಷ್ಟ," ಎಂದ. "ಇದಕ್ಕ ನಾ ಏನ್ ತಗೊಳ್ಳಿ? ಒಂದ ಚಾ ಕುಡಿಸ್ರಿ, ಸಾಕು."

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಡಾಕ್ಟರ್ ಬಾಯಿ ಆಪರೇಷನ್ನಿಗೆ ಹೋಗಿದ್ದರು. ಹದಿನೈದು ದಿನದ ಮೇಲಿನ ತಾರೀಖು ಕೊಟ್ಟರು. ಮನೆಯ ಮುಂದೆ ಇಳಿಯುವಾಗ ಅಪ್ಪ ಬಾಗಿಲು ಹಿಡಿದು, "ಇನ್ಮ್ಯಾಲ ದೀಪ ಹತ್ತಿತಂತ ಗಾಡಿ ನಿಂದರಸಬ್ಯಾಡ. ನಿಂತರ ನಿಂತ ಹೋಗ್ಲಿ, ನೀನಾಗಿ ನಿಂದರಸಬ್ಯಾಡ," ಎಂದ.

ಅಲ್ಲಿಂದ ನನಗೆ ನೆಮ್ಮದಿ ಹೋಯಿತು. ನಿಲ್ಲಿಸಿದರೆ ತಾರೀಖು ತಪ್ಪುತ್ತದೆ, ನಿಲ್ಲಿಸದಿದ್ದರೆ ಎಂಜಿನ್ ಸುಡಬಹುದು. ಯಾವ ದೀಪಕ್ಕೆ ನಿಲ್ಲಬೇಕು, ಯಾವುದಕ್ಕೆ ಬೇಡ ಎಂಬುದನ್ನು ಪರೀಕ್ಷೆಗೆ ಓದುವಂತೆ ಓದಿದೆ. ಹಸಿರು, ನೀಲಿ: ಏನೋ ಚಾಲೂ ಇದೆ ಎಂದು ಹೇಳುತ್ತಿವೆ, ಹೆದರಬೇಡ. ಹಳದಿ: ಓಡಿಸು, ಆದರೆ ಬೇಗ ತೋರಿಸು. ಕೆಂಪು: ಜಾಗ ಸಿಕ್ಕ ಕೂಡಲೇ ನಿಲ್ಲು. ಕೀಲಿಯನ್ನು ಅರ್ಧ ತಿರುವಿದಾಗ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು, ಎಂಜಿನ್ ಹಿಡಿದ ಮೇಲೆ ಆರಬೇಕು. ಹತ್ತದಿದ್ದರೆ ಬಲ್ಬು ಹೋಗಿದೆ, ಆರದಿದ್ದರೆ ಒಳಗೆ ಏನೋ ಆಗಿದೆ. ಇಷ್ಟೆಲ್ಲ ಗೊತ್ತಾದ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಪೇಢಿಯಲ್ಲಿ ಕಂಪ್ಯೂಟರಿನ ಕೆಂಪು ಚುಕ್ಕೆ ನೋಡಿದರೂ ಕೈ ತಡೆಯುತ್ತಿತ್ತು. ಕಾರಿನಲ್ಲಿ ಕೂತರೆ ಕಣ್ಣು ರಸ್ತೆಗಿಂತ ಕೆಳಗೇ ಹೆಚ್ಚು ಓಡುತ್ತಿತ್ತು. ಅಪ್ಪ ಅದನ್ನು ಗುರುತಿಸಿ, "ಮುಂದ ನೋಡ, ಯವ್ವಾ. ಎಮ್ಮಿ ಕೆಳಗ ಬರಂಗಿಲ್ಲ, ಮುಂದ ಬರ್ತಾವ," ಅನ್ನುತ್ತಿದ್ದ.

ಆಮೇಲಿನ ಇಂಜೆಕ್ಷನ್ ಸುಸೂತ್ರವಾಗಿ ಆಯಿತು. ಅದರ ಮುಂದಿನ ತಾರೀಖು ಬಂದದ್ದು ಶೇಂಗಾ ಕೀಳುವ ವಾರದಲ್ಲಿ. ಗಡಹಿಂಗ್ಲಜದ ಆಚೆ ಮಹಾಗಾಂವದಲ್ಲಿ ಅಪ್ಪನ ಅಕ್ಕನ ಮನೆ ಇದೆ. ಅತ್ತಿ ಆಳು ಸಿಗುವುದಿಲ್ಲವೆಂದು ಎಲ್ಲರನ್ನೂ ಕರೆಸಿದ್ದಳು. ಕೆಲಸ ಮುಗಿಸಿ ಅವ್ವ ಅಲ್ಲೇ ಉಳಿಯುವುದು, ಸೋಮವಾರ ಬೆಳಿಗ್ಗೆ ನಾನೂ ಅಪ್ಪನೂ ಅಲ್ಲಿಂದಲೇ ಸಂಕೇಶ್ವರ, ನಿಪ್ಪಾಣಿ ಮೇಲೆ ಹಾಯ್ದು ಕೊಲ್ಹಾಪುರಕ್ಕೆ ಹೋಗುವುದು ಎಂದು ಠರಾಯಿಸಿದೆವು. ಮಧ್ಯಾಹ್ನ ಒಂದರೊಳಗೆ ಅಲ್ಲಿರಬೇಕು.

ಮಹಾಗಾಂವಕ್ಕೆ ಹೋಗುವಾಗಲೇ ಕಾರು ಹೊಸ ಸಪ್ಪಳ ಕಲಿತಿತ್ತು. ಎಂಜಿನ್ ಶುರುವಾದಾಗ ಕುಂಯ್ ಎಂದು ಕೂಗಿ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಿತ್ತು. ಅತ್ತಿ ಅಂಗಳದಲ್ಲಿ ನಿಂತು, "ಇದರಾಗ ಯಾರದರ ನಾಯಿಮರಿ ಸಿಕ್ಕೊಂಡೇತೇನ ನೋಡ್ರ್ಯೋ," ಎಂದಳು. ನಾನು ಗಾಬರಿಯಿಂದ ಪುಸ್ತಕ ತೆಗೆದೆ. ಅಪ್ಪನ ಮುಖ ಮಾತ್ರ ಅರಳಿತು. ದೀಪಗಳ ವಿಷಯ ಅವನಿಗೆ ಆಗಿಬರುತ್ತಿರಲಿಲ್ಲ. ಸಪ್ಪಳ ಅವನ ಇಲಾಖೆ.

"ಪಟ್ಟಾ ಜಾರಾಕತ್ತೇತಿ," ಎಂದ. "ನಾ ನೋಡ್ಕೋತೇನಿ. ನೀ ಪುಸ್ತಕ ಮುಚ್ಚು."

ಸಂಜೆ ನಾವು ಶೇಂಗಾ ಬಡಿಯುತ್ತಿದ್ದಾಗ ಅಪ್ಪ ಬಾನೆಟ್ ಎತ್ತಿಕೊಂಡು ಒಳಗೆ ಬಗ್ಗಿದ್ದು ಕಂಡಿತು. ಡಿಕ್ಕಿಯಲ್ಲಿ ಅವನ ಹತ್ಯಾರದ ಚೀಲ ಯಾವಾಗಲೂ ಇರುತ್ತದೆ. ಪಾನಾ, ಸುತ್ತಿಗೆ, ಬಟ್ಟೆಯಲ್ಲಿ ಕಟ್ಟಿದ ಏನೇನೋ ಗಂಟುಗಳು. ಮರುದಿನ ಬೆಳಿಗ್ಗೆ ಕೀಲಿ ತಿರುವಿದರೆ ಸಪ್ಪಳವೇ ಇಲ್ಲ. ಅತ್ತಿ ಚಪ್ಪಾಳೆ ತಟ್ಟಿದಳು. ಅಪ್ಪ ಕಣ್ಣು ಕಾಣದವನಂತೆ ಅಲ್ಲ, ಶೆಡ್ಡಿನ ಜಾಬರನಂತೆ ಎದೆಯುಬ್ಬಿಸಿ ಪಕ್ಕದ ಸೀಟಿನಲ್ಲಿ ಕೂತ. ನಾನೂ ಡೈರಿಯಲ್ಲಿ ಬರೆದುಕೊಂಡೆ: ಸಪ್ಪಳ ನಿಂತಿದೆ.

ಗಡಹಿಂಗ್ಲಜ ದಾಟಿದೆವು. ಸಂಕೇಶ್ವರದಲ್ಲಿ ಹೈವೇ ಹತ್ತಿದೆವು. ಹೊತ್ತು ಬೇಕಾದಷ್ಟಿತ್ತು. ತವಂದಿ ಘಾಟು ಇನ್ನೇನು ಇಳಿಯಬೇಕು, ಆಗ ಬಾನೆಟ್ಟಿನ ಕೆಳಗೆ ಪಟ್ ಎಂದು ಏನೋ ಬಡಿದಂತಾಯಿತು. ಕಲ್ಲು ಸಿಡಿಯಿತೇನೋ ಅಂದುಕೊಂಡೆ. ಕೆಳಗೆ ನೋಡಿದರೆ ಟಿಕಳಿಯ ಪಕ್ಕದಲ್ಲಿ ಬ್ಯಾಟರಿಯ ದೀಪ ಹತ್ತಿತ್ತು.

"ಅಪ್ಪಾ, ಬ್ಯಾಟರಿ ದೀಪ ಹತ್ತೇತಿ."

"ಯಾ ಬಣ್ಣ?"

"ಕೆಂಪ."

"ಬ್ಯಾಟರಿ ಹೊಸಾದ ಐತಿ. ಮಳಿಗಾಲದಾಗ ಹಾಕ್ಸೇನಿ. ಗ್ಯಾರಂಟಿ ಕಾರ್ಡ ಮನ್ಯಾಗೈತಿ."

"ಗ್ಯಾರಂಟಿ ಕಾರ್ಡಿಗೆ ದೀಪ ಆರ್ತೈತೇನ?"

"ನೀ ಘಾಟ ನೋಡು. ಹಿಂದ ಟ್ರಕ್ ಬರಾಕತ್ತಾವ."

ಹಿಂದೆ ನಿಜಕ್ಕೂ ಟ್ರಕ್ಕುಗಳಿದ್ದವು. ನಿಲ್ಲಿಸಲು ಜಾಗವಿರಲಿಲ್ಲ. ಅಪ್ಪ ನನ್ನ ಕಡೆ ವಾಲಿ, ಸ್ಟೇರಿಂಗಿನ ಸಂದಿಯಿಂದ ಹಣಕಿದ.

"ಎಲ್ಲೈತಿ? ಏನೂ ಉರಿವಲ್ತಲ್ಲ."

"ಟಿಕಳಿ ಬಾಜೂಕ."

"ಇಲ್ಲವ್ವಾ." ಅವನು ಬೇಸರದಿಂದ ಮುಖವನ್ನು ರಸ್ತೆಯ ಕಡೆ ತಿರುಗಿಸಿದ. ತಿರುಗಿಸಿದ ಕೂಡಲೇ, "ಹಾಂ, ಈಗ ಬಂತ ನೋಡು!" ಎಂದ. ಮತ್ತೆ ಅದರ ಕಡೆ ನೋಡಿ, "ಹೋತು," ಎಂದ. ಹೀಗೆ ಎರಡು ಸಲ ಮಾಡಿ ನಕ್ಕ. "ಒಮ್ಮಿ ಹತ್ತೈತಿ, ಒಮ್ಮಿ ಆರ್ತೈತಿ. ವಾಯರ್ ಲೂಜ್ ಆಗೇತಿ, ಮತ್ತೇನಿಲ್ಲ. ನಡಿ."

"ನನಗ ಒಂದ ಸವನ ಉರಿಯಾಕತ್ತೇತಿ, ಅಪ್ಪಾ."

"ನೀ ರಸ್ತೆ ನೋಡಾಕತ್ತಿ. ದೀಪ ನಾ ನೋಡಾಕತ್ತೇನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ದನಿಯಲ್ಲಿ ಅಷ್ಟು ಖಾತ್ರಿಯಿತ್ತು. ತಿರುವಿನಿಂದ ತಿರುವಿಗೆ ಇಳಿಯುತ್ತ ನಾನು ಆ ದೀಪವನ್ನು ಕದ್ದು ಕದ್ದು ನೋಡಿದೆ. ಅದು ಒಮ್ಮೆಯೂ ಮಿಣುಕಲಿಲ್ಲ. ಹಾತಕಣಂಗಲೆಯ ನೀಲಿ ನೆನಪಾಗಿ ಕಾಲು ಬ್ರೇಕಿನ ಮೇಲೆ ಹೋಗಿ ಮತ್ತೆ ಹಿಂದೆ ಬರುತ್ತಿತ್ತು. ನಿಪ್ಪಾಣಿಯವರೆಗೆ ಹೋಗಿಬಿಡೋಣ, ಅಲ್ಲಿ ಗ್ಯಾರೇಜುಗಳಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಘಾಟು ಇಳಿದು ರಸ್ತೆ ಸಮನಾಗುತ್ತಿದ್ದಂತೆ ಇನ್ನೊಂದು ಕೆಂಪು ಹತ್ತಿತು, ನೀರಿನಲ್ಲಿ ಇಳಿಬಿಟ್ಟ ಥರ್ಮಾಮೀಟರ್. ಎಂಜಿನ್ ಕಾದಿದೆ ಎಂದು ಅದರ ಅರ್ಥ. ಆ ದೀಪದ ಬಗ್ಗೆ ಪುಸ್ತಕದಲ್ಲಿ ಎರಡು ಮಾತಿರಲಿಲ್ಲ.

ಒಂದು ಚಹಾದ ಅಂಗಡಿಯ ಮುಂದೆ ಗಾಡಿ ಹಚ್ಚಿ ಎಂಜಿನ್ ಆರಿಸಿದೆ.

"ಮತ್ತ ನಿಂದರಸಿದಿ?" ಅಪ್ಪನ ದನಿ ಏರಿತು. "ಮತ್ತ ಹಾತಕಣಂಗಲೆ ಮಾಡಿದೇನ?"

"ಈ ಸಲ ನೀಲಿ ಅಲ್ಲಪಾ. ಎರಡ ಕೆಂಪ."

"ನನಗೊಂದೂ ಕಾಣವಲ್ತಲ್ಲ!"

ಆ ಮಾತು ಹೇಳಿದವನು ಅವನೇ, ಕೇಳಿಸಿಕೊಂಡವನೂ ಅವನೇ. ಆಮೇಲೆ ನಾನು ಕೀಲಿಯನ್ನು ಅರ್ಧ ತಿರುವಿ, ಇಳಿದು, ಅವನನ್ನು ನನ್ನ ಸೀಟಿನಲ್ಲಿ ಕೂರಿಸಿದೆ. ಬೇಸಿಗೆಯಿಂದ ಈಚೆಗೆ ಅವನು ಆ ಸೀಟಿನಲ್ಲಿ ಕೂತಿರಲಿಲ್ಲ. ಎಲ್ಲ ದೀಪಗಳೂ ಹತ್ತಿ ನಿಂತಿದ್ದವು. ಬ್ಯಾಟರಿಯ ದೀಪದ ಅಂಚಿಗೆ ನನ್ನ ಬೆರಳಿಟ್ಟು, ಇದನ್ನು ನೋಡು ಅಂದೆ.

ಅಪ್ಪ ನೆಟ್ಟಗೆ ನೋಡಿದ.

"ನಿನ್ನ ಕೈ ಕಾಣ್ತೈತಿ," ಎಂದ. "ಬೆರಳಿನ ತುದಿ ಕಾಣವಲ್ತು."

"ಈಗ ಗಿಯರ್ ಕಡೆ ನೋಡು."

ನೋಡಿದ. "ಈಗ ಮೂಲ್ಯಾಗ ಕೆಂಪ ಬಂತು."

"ತಿರುಗಿ ದೀಪದ ಕಡೆ ನೋಡು."

"ಹೋತು."

ವಾಯರ್ ಲೂಜ್ ಆಗಿರಲಿಲ್ಲ. ಅವನು ಯಾವುದನ್ನು ನೇರ ನೋಡುತ್ತಾನೋ ಅದು ಅಳಿಸಿಹೋಗುತ್ತಿತ್ತು, ಬದಿಯಲ್ಲಿರುವುದು ಉಳಿಯುತ್ತಿತ್ತು. ನಾನು ಹೇಳದೆಯೇ ಅವನು ತನ್ನಷ್ಟಕ್ಕೆ ಇನ್ನೆರಡು ಸಲ ಹಾಗೆ ಮಾಡಿ ನೋಡಿದ, ಗಿಯರಿನ ಕಡೆ, ದೀಪದ ಕಡೆ, ಗಿಯರಿನ ಕಡೆ. ಆಮೇಲೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಗಾಡಿ ಓಡುತ್ತಿದೆಯೇನೋ ಎಂಬಂತೆ, ಮುಂದಿನ ಗಾಜಿನಾಚೆ ನೋಡುತ್ತ ಕೂತ. ತಪ್ಪಿದ ಆ ಹದಿನೈದು ದಿನಗಳು ನನ್ನ ತಲೆಯಲ್ಲಿ ತಿರುಗುತ್ತಿದ್ದವು.

ಇಳಿದು ಬಾನೆಟ್ ಎತ್ತಿದೆವು. ಬಿಸಿ ಉಗಿ ಮುಖಕ್ಕೆ ಬಡಿಯಿತು. ಸ್ವಲ್ಪ ತಣಿಯಲು ಬಿಟ್ಟು ಅಪ್ಪ ಕೈ ಇಳಿಸಿ ತಡವಿದ. ಪಟ್ಟಾ ಇರಬೇಕಾದಲ್ಲಿ ಇರಲಿಲ್ಲ. ಕಡಿದ ತುಂಡೊಂದು ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ಎಳೆದು ತೆಗೆದಾಗ ಅವನ ಬೆರಳುಗಳು ಒಂದಕ್ಕೊಂದು ಅಂಟಿದವು. ಬೆರಳನ್ನು ಮೂಗಿನ ಹತ್ತಿರ ಹಿಡಿದ.

"ರಾಳ," ಎಂದ.

ಹಳೆಯ ಶೆಡ್ಡುಗಳಲ್ಲಿ ಮಗ್ಗದ ಚಪ್ಪಟೆ ಪಟ್ಟಾ ಜಾರತೊಡಗಿದರೆ ಜಾಬರ್ ಅದರ ಮೇಲೆ ರಾಳದ ಪುಡಿ ಉದುರಿಸುತ್ತಾನೆ. ಅಂಟು ಬಂದು ಪಟ್ಟಾ ಹಿಡಿದುಕೊಳ್ಳುತ್ತದೆ, ಸಪ್ಪಳ ನಿಲ್ಲುತ್ತದೆ, ಮಗ್ಗ ಓಡುತ್ತದೆ. ಅಪ್ಪ ಹಿಂದಿನ ಸಂಜೆ, ಬಟ್ಟೆಯ ಗಂಟಿನಿಂದ ರಾಳ ತೆಗೆದು, ಕಣ್ಣಿನಿಂದಲ್ಲ, ಕೈಯಿಂದ ತಡವಿ ತಡವಿ ಕಾರಿನ ರಬ್ಬರ್ ಪಟ್ಟಾಕ್ಕೆ ಹಚ್ಚಿದ್ದ. ಆ ಪಟ್ಟಾ ಜಾರುತ್ತಿದ್ದದ್ದು ಹಳೆಯದಾಗಿ ಸೀಳು ಬಿಟ್ಟಿದ್ದಕ್ಕೆ. ಸೀಳು ಅವನಿಗೆ ಕಾಣುವ ಹಾಗಿರಲಿಲ್ಲ. ಕಾಣುವ ನಾನು ಶೇಂಗಾ ಬಡಿಯುತ್ತಿದ್ದೆ. ಬ್ಯಾಟರಿಗೆ ಕರೆಂಟು ತುಂಬುವುದೂ ಅದೇ ಪಟ್ಟಾ, ಎಂಜಿನ್ನಿಗೆ ನೀರು ತಿರುಗಿಸುವುದೂ ಅದೇ ಪಟ್ಟಾ. ಅದಕ್ಕೇ ಮೊದಲು ಆ ದೀಪ, ಆಮೇಲೆ ಈ ದೀಪ.

ಗಡಿಯಾರ ನೋಡಿದೆ. ಮಿಸ್ತ್ರಿ ಬಂದು, ಪಟ್ಟಾ ತಂದು, ಹಾಕಿ, ನೀರು ತುಂಬಿ ಹೊರಡುವುದೆಂದರೆ ಮಧ್ಯಾಹ್ನದ ಒಂದು ಗಂಟೆ ದಾಟಿಹೋಗುತ್ತದೆ. ಫೋನ್ ಕೈಯಲ್ಲಿ ಹಿಡಿದು ಯಾರಿಗೆ ಹಚ್ಚಲಿ ಎಂದು ನಿಂತಿದ್ದೆ. ಗ್ಯಾರೇಜಿಗೋ, ಆಸ್ಪತ್ರೆಗೋ? ಅಪ್ಪ ಅಂಟಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಬಾನೆಟ್ ಮುಚ್ಚಿದ.

"ಗಾಡಿ ಇಲ್ಲೇ ಇರ್ಲಿ. ನಡಿ," ಎಂದ.

ಅವನ ಬಾಯಿಂದ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ನಿಂತ ಮಗ್ಗ ಬಿಟ್ಟು ಊಟಕ್ಕೆ ಹೋಗಲಾರದವನು ಎಂದು ಅವ್ವ ಅವನನ್ನು ಇಂದಿಗೂ ಬೈಯುತ್ತಾಳೆ.

ಚಹಾದ ಅಂಗಡಿಯವಳಿಗೆ ಗಾಡಿ ನೋಡಿಕೊಳ್ಳಲು ಹೇಳಿ, ಕೈ ಮಾಡಿ ಒಂದು ವಡಾಪ್ ನಿಲ್ಲಿಸಿದೆವು. ಈ ಕಡೆ ಮಂದಿ ತುಂಬಿಕೊಂಡು ಹೋಗುವ ಜೀಪಿಗೆ ವಡಾಪ್ ಅನ್ನುತ್ತಾರೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕೋಳಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬ ಮುದುಕ ನಮ್ಮನ್ನೂ ಹಿಂದೆ ನಿಂತ ಕಾರನ್ನೂ ನೋಡಿ, "ಕಾರ್ ಬಿಟ್ಟ ವಡಾಪಕ್ಕ ಬಂದ್ರಲ್ರೀ ಸಾವ್ಕಾರ್ರ!" ಎಂದ.

"ಕಾರ ಚಾ ಕುಡಿಯಾಕತ್ತೇತ್ರಿ," ಎಂದ ಅಪ್ಪ. "ಅದರ ಕುಡಿಯೂದು ಮುಗಿಯೂತನಾ ನಮಗ ಕಾಯಾಕ ಆಗಂಗಿಲ್ಲ."

ಎಲ್ಲರೂ ನಕ್ಕು ಸರಿದು ಜಾಗ ಮಾಡಿದರು. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಬಸ್ಸು ಹೊರಟು ನಿಂತಿತ್ತು. ಅಪ್ಪನ ರಟ್ಟೆ ಹಿಡಿದು ಓಡಿದೆ. ಕಂಡಕ್ಟರ್ "ಚಲಾ ಚಲಾ, ಪುಢ ಸರಕಾ," ಎಂದು ಬೆನ್ನಿಗೆ ಕೈ ಹಚ್ಚಿ ಮುಂದೆ ತಳ್ಳಿದ. ಕಾಗಲದವರೆಗೂ ನಿಂತೇ ಹೋದೆವು. ಡ್ರೈವರನ ಮುಂದೆ ಸಣ್ಣ ದೀಪಗಳು ಉರಿಯುತ್ತಿದ್ದವು. ಅಲ್ಲೂ ನನ್ನ ಕಣ್ಣು ಹೋಯಿತು. ಒಂದು ಕೆಂಪು ಇತ್ತು. ಹೇಳಲೋ ಬೇಡವೋ ಎಂದು ಒದ್ದಾಡಿ ಸುಮ್ಮನಾದೆ. ಕಾಗಲದಲ್ಲಿ ಬಾಗಿಲು ಮುಚ್ಚಿದಾಗ ಅದು ತಾನೇ ಆರಿತು.

ಸ್ಟ್ಯಾಂಡಿನಿಂದ ರಿಕ್ಷಾ ಹಿಡಿದು ಆಸ್ಪತ್ರೆ ಮುಟ್ಟಿದಾಗ ಒಂದಕ್ಕೆ ಸ್ವಲ್ಪ ಉಳಿದಿತ್ತು. ಕೌಂಟರಿನ ಹುಡುಗಿ ಗಡಿಯಾರ ನೋಡಿದಳು, ನಮ್ಮ ಬೆವರಿದ ಮುಖ ನೋಡಿದಳು, ಫೈಲು ಒಳಗೆ ಕಳಿಸಿದಳು.

ಇಂಜೆಕ್ಷನ್ನಿಗೆ ಮೊದಲು ನರ್ಸ್ ಬಾಯಿ ಗೋಡೆಯ ಬೋರ್ಡಿನ ಅಕ್ಷರ ಓದಿಸುತ್ತಾರೆ. ಮೇಲೆ ದೊಡ್ಡವು, ಕೆಳಗೆ ಬರುತ್ತ ಸಣ್ಣವು. ಬಲಗಣ್ಣು ಮುಚ್ಚಿಸಿ ಎಡಗಣ್ಣಿನಿಂದ ಓದು ಅಂದರು. ಅಪ್ಪ ಎಡವದೆ ನಾಲ್ಕು ಸಾಲು ಓದಿದ. ನನಗೆ ಆಶ್ಚರ್ಯವಾಯಿತು. ಒಂದು ಮೊಳ ದೂರದ ನನ್ನ ಬೆರಳ ತುದಿ ಕಾಣದ ಕಣ್ಣಿಗೆ ಆ ದೂರದ ಅಕ್ಷರಗಳು ಹೇಗೆ ಕಂಡವು? ಕಾರಿನೊಳಗೆ ಮಬ್ಬಿತ್ತು, ಇಲ್ಲಿ ಲೈಟಿದೆ, ಅದಕ್ಕಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಡಾಕ್ಟರ್ ಬಾಯಿ ಸ್ಕ್ಯಾನಿನ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ನೀರು ಹೆಚ್ಚಾದಂತೆ ಕಾಣುತ್ತದೆ. ಆದರೆ ಓದುವುದು ಚೆನ್ನಾಗಿದೆ. ಓದು ಇಳಿದಿದ್ದರೆ ಔಷಧ ಬದಲಿಸುತ್ತಿದ್ದೆ. ಈ ಸಲ ಇದೇ ಕೊಡೋಣ, ಮುಂದಿನ ತಿಂಗಳು ನೋಡೋಣ," ಎಂದರು. ನಾನು ದೀಪದ ಮಾತು ತೆಗೆಯಲು ಬಾಯಿ ತೆರೆದೆ. ಅಪ್ಪ ಆಗಲೇ ಎದ್ದು, ತಡಕುತ್ತ, ಒಳಗಿನ ಬಾಗಿಲ ಕಡೆ ನಡೆದಿದ್ದ.

ಸಂಜೆ ನಿಪ್ಪಾಣಿಯಿಂದ ಮಿಸ್ತ್ರಿಯೊಬ್ಬನನ್ನು ಕರೆದುಕೊಂಡು ಕಾರಿನ ಹತ್ತಿರ ಬಂದೆವು. ಅವನು ಹೊಸ ಪಟ್ಟಾ ಹಾಕುವ ಮೊದಲು ಹಳೆಯ ಅಂಟನ್ನು ಒರೆಸಲು ಹೋಗಿ, ಬೆರಳು ಅಂಟಿ, ತಲೆಯೆತ್ತಿದ.

"ಯಾರ್ರೀ ಇದಕ್ಕ ರಾಳ ಹಚ್ಚಿದವ್ರು? ಹಿಟ್ಟಿನ ಗಿರಣಿ ಅಂದ್ಕೊಂಡ್ರೇನ?"

"ಮಗ್ಗ ಅಂದ್ಕೊಂಡಿದ್ನಿ," ಎಂದ ಅಪ್ಪ, ಪಟ್ಟಿ ಕಟ್ಟಿದ ಕಣ್ಣಿನ ಮೇಲೆ ಕೈಯಿಟ್ಟುಕೊಂಡು.

ಎಂಜಿನ್ ಸುಟ್ಟಿರಲಿಲ್ಲ. ಇನ್ನು ಸ್ವಲ್ಪ 'ನಡಿ' ಅಂದಿದ್ದರೆ ಸುಡುತ್ತಿತ್ತು ಎಂದು ಮಿಸ್ತ್ರಿ ಹೇಳಿದ. ಕೆಂಪು ಎರಡೂ ಆರಿದವು. ಟಿಕಳಿ ಮಾತ್ರ ಹಾಗೆಯೇ ಇತ್ತು. ಅಪ್ಪ ಮುಂದೆ ಬಗ್ಗಿ, ದೀಪಗಳ ಗಾಜಿನ ಮೇಲೆ ತಡವಿ ತಡವಿ ಅದನ್ನು ಹುಡುಕಿ, ಉಗುರಿನಿಂದ ಕಿತ್ತ. ಹಳದಿ ದೀಪ ಬೆಳಗಿತು.

"ಇದನ್ನೂ ತೋರ್ಸು ಇವಗ," ಎಂದ.

ಅದು ಸೆನ್ಸರ್ ಎಂದೇ ಆಯಿತು. ಅವನ ಹತ್ತಿರ ಆ ಸೆನ್ಸರ್ ಇರಲಿಲ್ಲ. ಇಚಲಕರಂಜಿಯಲ್ಲಿ ಹಾಕಿಸಿದೆವು. ಡೈರಿಯಲ್ಲಿ ಮೊದಲ ಸಲ ಮೂರೂ ಬಣ್ಣದ ಮುಂದೆ 'ಇಲ್ಲ' ಎಂದು ಬರೆದೆ. ಬರೆದರೂ ಸಮಾಧಾನವಾಗಲಿಲ್ಲ. ಆ ಬೋರ್ಡಿನ ನಾಲ್ಕು ಸಾಲು ಮನಸ್ಸಿನಿಂದ ಹೋಗುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಚಹಾದ ಕಪ್ಪನ್ನು ಬದಿಯಿಂದ ನೋಡಿ ಎತ್ತಿಕೊಳ್ಳುತ್ತಿದ್ದ. ಟೀವಿಯ ಎದುರು ಓರೆಯಾಗಿ ಕೂರುತ್ತಿದ್ದ. ಕೇಳಿದರೆ, "ಕುತ್ತಿಗಿ ಹಿಡದೈತಿ," ಅನ್ನುತ್ತಿದ್ದ. ಮೊದಲು ಮೊಣಕಾಲು, ಈಗ ಕುತ್ತಿಗೆ.

ಮುಂದಿನ ತಾರೀಖಿನ ಬೆಳಿಗ್ಗೆ ಮನೆಯ ಮುಂದೆ ಕಾರಿನಲ್ಲಿ ಕೂತು ನಾನು ಕೀಲಿ ಅರ್ಧ ತಿರುವಿದೆ. ಎಲ್ಲ ದೀಪಗಳೂ ಹತ್ತಿದವು.

"ಅಪ್ಪಾ, ಬ್ಯಾಟರಿದು ನೋಡು. ಹತ್ತೇತಿ?"

ಅವನು ಈ ಸಲ ಮುಖ ತಿರುಗಿಸಲಿಲ್ಲ. ನೆಟ್ಟಗೆ ದೀಪವಿರುವ ಜಾಗವನ್ನೇ ನೋಡಿದ. "ಹತ್ತೇತಲ್ಲ. ಕೆಂಪಗ," ಎಂದ.

ನಾನು ಎಂಜಿನ್ ಶುರು ಮಾಡಿದೆ. ದೀಪಗಳು ಆರಿದವು.

"ಈಗ?"

"ಈಗೂ ಐತಿ. ಚೊಲೋ ಕಾಣ್ತೈತಿ."

ನಾನು ಗಿಯರ್ ಹಾಕಲಿಲ್ಲ. ಎಂಜಿನ್ ತನ್ನಷ್ಟಕ್ಕೆ ಓಡುತ್ತಿತ್ತು. ಗಾಡಿ ಕದಲದ್ದರಿಂದಲೇ ಅವನಿಗೆ ಗೊತ್ತಾಯಿತು. ಕೈಯನ್ನು ತೊಡೆಯ ಮೇಲೆ ಉಜ್ಜಿಕೊಂಡ.

"ಆರೇತೇನ?" ಎಂದ.

"ಆರೇತಪಾ."

ಓಣಿಯ ತುದಿಯಲ್ಲಿ ಶಿಫ್ಟು ಬಿಟ್ಟ ಮಂದಿ ಸೈಕಲ್ಲಿನ ಗಂಟೆ ಬಾರಿಸುತ್ತ ಹೋಗುತ್ತಿದ್ದರು. ಅಪ್ಪ ಅವರ ಕಡೆ ಮುಖ ಮಾಡಿ ಹೇಳಿದ: "ಆ ಗ್ವಾಡಿ ಮ್ಯಾಲಿನ ಬೋರ್ಡ ನನಗ ಬಾಯಿಪಾಠ ಐತಿ. ಪೈಲೇ ಸಲ ಹ್ವಾದಾಗ ಕಲತ್ನಿ. ಡಾಕ್ಟರ್ ಬಾಯಿಗೆ ಹೇಳು. ಈ ದೀಪದ್ದೂ ಹೇಳು." ಮತ್ತೆ ನನ್ನ ಕಡೆ ತಿರುಗಿ, "ನೀ ಹೇಳು. ನಾ ಹೇಳಂಗಿಲ್ಲ," ಎಂದ.

ಹೇಳುತ್ತೇನೆ ಅಂದೆ. ಹೊತ್ತು ಬೇಕಾದಷ್ಟಿತ್ತು. ಆದರೂ ನಾನು ಬೇಗನೇ ಹೊರಟೆ.